ಆಕ್ಸೆಸ್ ಪಾಯಿಂಟ್ ಬದಲಿಸುವ ನಿರ್ಧಾರ ರೂಟರ್‌ನದಲ್ಲ

ಊರಿನಲ್ಲಿ ಯಾರ ಮನೆಯ ವೈಫೈ ಕೈಕೊಟ್ಟರೂ ನನಗೆ ಬರುವ ಪ್ರಶ್ನೆ ಒಂದೇ: "ಯಾವ ರೂಟರ್ ತರ್ಲಿ?" ಲ್ಯಾಪ್‌ಟಾಪ್ ಒಳಗೆ ಯಾವ ವೈಫೈ ಕಾರ್ಡ್ ಇದೆ ಎಂದು ನಾನು ತಿರುಗಿ ಕೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ನಮ್ಮದು ಶಿರಸಿ ಕಡೆಯ ಹಳೇ ಮನೆ, ದಪ್ಪ ಜಂಬಿಟ್ಟಿಗೆ ಗೋಡೆ. ಫೈಬರ್ ಬಂದಿರುವುದು ಜಗುಲಿಗೆ. ಅಲ್ಲಿಂದ ಮೆತ್ತಿಗೆ ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಪೆಟ್ಟಿಗೆ, ಕೂರಿಸಿದ್ದೇನೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅಪ್ಪನ ಫೋನ್ ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲಿನದಕ್ಕೆ ದಾಟಿಬಿಡುತ್ತಿತ್ತು. ಅಣ್ಣನ ಲ್ಯಾಪ್‌ಟಾಪ್ ಮಾತ್ರ ಮೆತ್ತಿನ ಆಕ್ಸೆಸ್ ಪಾಯಿಂಟ್ ಪಕ್ಕದಲ್ಲೇ ಇದ್ದರೂ ಜಗುಲಿಯದನ್ನೇ ಜಗ್ಗಿ ಹಿಡಿದಿರುತ್ತಿತ್ತು. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್' ಕೊಟ್ಟರೆ ಎದ್ದು ಕಾಣುತ್ತಿತ್ತು: ಸಿಗ್ನಲ್ ಶೇಕಡಾ ಇಳಿಯುತ್ತಲೇ ಇದೆ, ಯಾವ ಆಕ್ಸೆಸ್ ಪಾಯಿಂಟ್ ಹಿಡಿದಿದೆ ಎಂದು ತೋರಿಸುವ ಬಿಎಸ್‌ಎಸ್‌ಐಡಿ ಎಂಬ ಸಾಲಿನ ವಿಳಾಸ ಮಾತ್ರ ಬದಲಾಗುತ್ತಿಲ್ಲ.

ವೈಫೈಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ತೀರ್ಮಾನ ನಮ್ಮ ಕೈಯಲ್ಲಿರುವ ಸಾಧನದ್ದು. ಮೊಬೈಲ್ ಟವರ್ ವ್ಯವಸ್ಥೆ ಹಾಗಲ್ಲ, ಕರೆ ನಡೆಯುವಾಗ ಯಾವ ಟವರ್‌ಗೆ ಹೋಗಬೇಕೆಂದು ನೆಟ್‌ವರ್ಕೇ ಹೇಳುತ್ತದೆ. ವೈಫೈ ಸಾಧನಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಐಫೋನ್ ಸಿಗ್ನಲ್ ಮೈನಸ್ 70 ಡಿಬಿಎಂಗೆ ಇಳಿದಾಗ ಬೇರೆಯದನ್ನು ಹುಡುಕಲು ಶುರುಮಾಡುತ್ತದೆ, ಮ್ಯಾಕ್ ಮೈನಸ್ 75ರವರೆಗೆ ಕಾಯುತ್ತದೆ. ಡಿಬಿಎಂ ಸಿಗ್ನಲ್ ಬಲದ ಅಳತೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. ಇಂಟೆಲ್ ಕಾರ್ಡ್ ಆದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ, ಆ ಕಾರ್ಡಿನ ಅಡ್ವಾನ್ಸ್ಡ್ ಪುಟದಲ್ಲಿ 'ರೋಮಿಂಗ್ ಅಗ್ರೆಸಿವ್‌ನೆಸ್' ಎಂಬ ಐದು ಹಂತದ ಆಯ್ಕೆ ಸಿಗುತ್ತದೆ. ಅದನ್ನು ನಡುವಿನಿಂದ ಒಂದು ಹಂತ ಮೇಲೇರಿಸಿ ನೋಡಿ. ತುತ್ತತುದಿಗೆ ಒಯ್ದರೆ ಎರಡೂ ಕಡೆ ಸಿಗ್ನಲ್ ಸಮನಾಗಿರುವ ಜಾಗದಲ್ಲಿ ಸುಮ್ಮನೆ ಅತ್ತಿಂದಿತ್ತ ಹಾರುತ್ತಿರುತ್ತದೆ.

ಜೊತೆಗೆ ಆಕ್ಸೆಸ್ ಪಾಯಿಂಟ್‌ಗಳ 2.4 ಗಿಗಾಹರ್ಟ್ಸ್ ಪವರ್ ತಗ್ಗಿಸಿ, ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ಪವರ್ ಪೂರ್ತಿ ಇಟ್ಟಷ್ಟೂ ಸಾಧನಕ್ಕೆ ಬಿಟ್ಟುಹೋಗುವ ಕಾರಣವೇ ಸಿಗುವುದಿಲ್ಲ.

ಅಣ್ಣನ ಕಾರ್ಡ್ ಇನ್ನೂ ಹಿಂದಿನದು. 'ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್' ಕೊಟ್ಟಾಗ ಬಂದದ್ದು ಬಿ, ಜಿ, ಎನ್ ಎಂಬ ಹಳೇ ವೈಫೈ ತಲೆಮಾರುಗಳು ಮಾತ್ರ. ಬಿ 1999ರದು, ಸೆಕೆಂಡಿಗೆ 11 ಮೆಗಾಬಿಟ್. ಜಿ 2003ರದು, 54. ಎನ್ 2009ರದು. ಎನ್ ಎಂದಿದ್ದ ಮಾತ್ರಕ್ಕೆ ವೈಫೈಯ ಇನ್ನೊಂದು ತರಂಗಪಟ್ಟಿಯಾದ 5 ಗಿಗಾಹರ್ಟ್ಸ್ ಇರಲೇಬೇಕೆಂದಿಲ್ಲ, ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ 2.4 ಮಾತ್ರ ಕೊಟ್ಟಿರುತ್ತಾರೆ. ಪಟ್ಟಿಯಲ್ಲಿ 'ಎ' ಅಥವಾ 'ಎಸಿ' ಕಂಡರೆ 5 ಇದೆ ಎಂದರ್ಥ. ಎಸಿಯನ್ನು ವೈಫೈ 5, ಎಎಕ್ಸ್ ಅನ್ನು ವೈಫೈ 6 ಎಂದು ಕರೆಯುವ ಪದ್ಧತಿ ಬಂದದ್ದು 2018ರಲ್ಲಿ. ಅಕ್ಷರಗಳ ಗೊಂದಲದಿಂದ ಜನರನ್ನು ಬಿಡಿಸಿದ ಒಳ್ಳೆಯ ಕೆಲಸ ಅದು.

ಕಾರ್ಡ್ ಬದಲಿಸುವುದಾದರೆ ಸ್ಲಾಟ್ ನೋಡಿಯೇ ಕೊಳ್ಳಿ. ಇಂಟೆಲ್ ಎಎಕ್ಸ್201 ಮತ್ತು ಎಎಕ್ಸ್210 ನೋಡಲು ಒಂದೇ ಥರ. ಆದರೆ 201ರ ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರ್ ಕಡೆಯ ಚಿಪ್ ಮಾಡಬೇಕು, ಆ ಏರ್ಪಾಡು ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಅದು ಏಳುವುದೇ ಇಲ್ಲ. 210 ಸಾಮಾನ್ಯ ಪಿಸಿಐಇ ಕಾರ್ಡ್, ಅದಕ್ಕೆ ಆ ಏರ್ಪಾಡು ಬೇಡ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ (ಆನ್ ಮಾಡಿದೊಡನೆ ಮೊದಲು ಏಳುವ ತಂತ್ರಾಂಶ) ತಾನು ಒಪ್ಪಿದ ಕಾರ್ಡ್ ಬಿಟ್ಟು ಬೇರೆಯದನ್ನು ತಿರಸ್ಕರಿಸುತ್ತದೆ, ಅದನ್ನೂ ಮೊದಲೇ ವಿಚಾರಿಸಿ. ಆಂಟೆನಾ ತಂತಿಯ ಪುಟ್ಟ ಗುಂಡಿಯನ್ನು ನೇರಕ್ಕೆ ಇಟ್ಟು ಒತ್ತಿ, ಓರೆಯಾದರೆ ಅಂಚು ಚಪ್ಪಟೆಯಾಗುತ್ತದೆ.

ಇನ್ನು 802.11 ಕೆ, ವಿ, ಆರ್. ಇವು ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ದಾಟಲು ನೆರವಾಗುವ ವೈಫೈ ಸೌಲಭ್ಯಗಳು. ಕೆ ಸುತ್ತಲಿನ ಆಕ್ಸೆಸ್ ಪಾಯಿಂಟ್‌ಗಳ ಪಟ್ಟಿ ಕೊಡುತ್ತದೆ, ವಿ "ಅತ್ತ ಹೋದರೆ ಒಳ್ಳೆಯದು" ಎಂದು ಸೂಚಿಸುತ್ತದೆ, ಆರ್ ದಾಟುವಾಗಿನ ಕೀಲಿ ವಿನಿಮಯವನ್ನು ಚುಟುಕಾಗಿಸುತ್ತದೆ. ಸೂಚನೆ ಪಾಲಿಸುವುದು ಬಿಡುವುದು ಮತ್ತೆ ಕಾರ್ಡಿನ ಇಷ್ಟ. ಪ್ರತಿಯೊಬ್ಬರೂ ಸ್ವಂತ ಯೂಸರ್‌ನೇಮ್ ಹಾಕಿ ಒಳಬರುವ ಆಫೀಸು, ಆಸ್ಪತ್ರೆಗಳಲ್ಲಿ ಆರ್ ಇಲ್ಲದಿದ್ದರೆ ಕರೆ ತಡವರಿಸುತ್ತದೆ. ಒಂದೇ ಪಾಸ್‌ವರ್ಡ್ ಇರುವ ಮನೆಗೆ ಅದರಿಂದ ಸಿಗುವ ಲಾಭ ಕಡಿಮೆ, ಕೆಲವು ಹಳೇ ಸಾಧನಗಳಂತೂ ಆರ್ ಆನ್ ಇದ್ದರೆ ಸೇರಲು ಒಪ್ಪುವುದಿಲ್ಲ. ಹಳೇ ಪ್ರಿಂಟರ್ ಇರುವ ಮನೆಗಳಲ್ಲಿ ನಾನು ಕೆ ಮತ್ತು ವಿ ಮಾತ್ರ ಆನ್ ಮಾಡಿ ಬರುತ್ತೇನೆ.