8 ಕೆಬಿ ಜಾಗ

ಜುಲೈ 12, 2025, ಶನಿವಾರ
ಬದಿಯಡ್ಕ

ಬೆಳಗ್ಗೆಯಿಂದ ಬಿಡದ ಮಳೆ. ಕರೆಂಟ್ ಎರಡು ಸಲ ಹೋಯಿತು. ಆದರೂ ಮನಸ್ಸು ಹಗುರವಾಗಿದೆ. ಒಂಬತ್ತು ದಿನ ಕಾಡಿದ ಬಗ್ ಇವತ್ತು ಸಿಕ್ಕಿತು.

ನಾನು ಸೆನ್ಸರ್ ಡ್ರೈವರ್ ಬರೆಯುತ್ತಿರುವ ಬೋರ್ಡ್ 32 ಬಿಟ್ ಆರ್ಮ್ ಪ್ರೊಸೆಸರ್‌ನದು, ಅದರಲ್ಲಿ ಲಿನಕ್ಸ್ 5.10 ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು). ದಿನಕ್ಕೆ ಒಂದೆರಡು ಸಲ ಕ್ರ್ಯಾಶ್ ಆಗುತ್ತಿತ್ತು. ಅದೂ ಒಮ್ಮೆ ಫೈಲ್ ಸಿಸ್ಟಂನಲ್ಲಿ, ಒಮ್ಮೆ ಶೆಡ್ಯೂಲರ್‌ನಲ್ಲಿ. ನನ್ನ ಡ್ರೈವರ್‌ನ ಸುಳಿವೇ ಇಲ್ಲ. ಇವತ್ತು ಬಿಲ್ಡ್ ಲಾಗನ್ನು ಮೊದಲಿನಿಂದ ಓದಿದಾಗ ಒಂದು ವಾರ್ನಿಂಗ್ ಕಂಡಿತು: ಫ್ರೇಮ್ ಸೈಜ್ 1024 ಬೈಟ್‌ಗಿಂತ ಜಾಸ್ತಿ. ಫ್ರೇಮ್ ಅಂದರೆ ಒಂದು ಫಂಕ್ಷನ್ ಸ್ಟ್ಯಾಕ್‌ನಲ್ಲಿ ಹಿಡಿಯುವ ಜಾಗ; ಸ್ಟ್ಯಾಕ್ ಅಂದರೆ ಓಡುತ್ತಿರುವ ಫಂಕ್ಷನ್‌ಗಳು ತಮ್ಮ ತಾತ್ಕಾಲಿಕ ಡೇಟಾ ಇಡುವ ಮೆಮೊರಿ. ಫಂಕ್ಷನ್ ನಾನು ಬರೆದದ್ದೇ. ಸೆನ್ಸರ್ ಕೊಟ್ಟದ್ದನ್ನು ಜೋಡಿಸಲು 2048 ಬೈಟ್‌ನ ಅರೇಯನ್ನು ಅದರೊಳಗೇ ಇಟ್ಟಿದ್ದೆ.

ತಂಗಿಯ ಮಗ ಬಂದಿದ್ದಾನೆ, ಇಂಜಿನಿಯರಿಂಗ್ ಓದುವವನು. "ಮಾವ, 2 ಕೆಬಿ ಏನು ಮಹಾ? ನಾನು ಇದಕ್ಕಿಂತ ದೊಡ್ಡ ಅರೇ ಇಡುತ್ತೇನಲ್ಲ" ಎಂದ. ಅವನ ಪ್ರೋಗ್ರಾಮಿಗೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಸಿಗುತ್ತದೆ. ಈ ಕರ್ನಲ್ ಒಳಗೆ ಒಂದು ಥ್ರೆಡ್‌ಗೆ, ಅಂದರೆ ಓಡುತ್ತಿರುವ ಒಂದು ಕೆಲಸಕ್ಕೆ, ಸಿಗುವುದು ಬರೀ 8 ಕೆಬಿ. ಬೇಕೆಂದರೆ ಬೆಳೆಯುವುದೂ ಇಲ್ಲ. ನಮ್ಮ ಗುಡ್ಡದ ಸುರಂಗವನ್ನು ತೋರಿಸಿದೆ. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ. ಅಗೆದ ಮಣ್ಣನ್ನು ಆಗಾಗ ಬುಟ್ಟಿಯಲ್ಲಿ ಹೊರಗೆ ಸಾಗಿಸಬೇಕು, ಒಳಗೇ ರಾಶಿ ಹಾಕಿದರೆ ತಿರುಗಿ ಬರಲು ದಾರಿ ಇರುವುದಿಲ್ಲ. ಅವನಿಗೆ ತಕ್ಷಣ ಅರ್ಥವಾಯಿತು.

ಆ 8 ಕೆಬಿ ನನ್ನ ಫಂಕ್ಷನ್‌ಗೆ ಮಾತ್ರ ಅಲ್ಲ. ನನ್ನನ್ನು ಕರೆದವರು, ನಾನು ಕರೆದವರು, ಎಲ್ಲರೂ ಅದರಲ್ಲೇ ಇರಬೇಕು. ಈ ಕರ್ನಲ್‌ನಲ್ಲಿ ಇಂಟರಪ್ಟ್ (ಹಾರ್ಡ್‌ವೇರ್ ನಡುವೆ ಬಂದು ಗಮನ ಕೇಳುವ ಕರೆ) ಬಂದರೆ ಅದರ ಕೆಲಸವೂ ಆಗ ಓಡುತ್ತಿರುವ ಥ್ರೆಡ್‌ನ ಸ್ಟ್ಯಾಕ್ ಮೇಲೆಯೇ. ನಾವು ಆಳದಲ್ಲಿರುವಾಗ ಸರಿಯಾಗಿ ಆ ಗಳಿಗೆಗೆ ಇಂಟರಪ್ಟ್ ಬಂದರೆ ಮಾತ್ರ ಸ್ಟ್ಯಾಕ್ ಅಂಚು ದಾಟುತ್ತಿತ್ತು, ಅದಕ್ಕೇ ದಿನಕ್ಕೆ ಒಂದೆರಡು ಸಲ. ತಳದಲ್ಲಿ ಥ್ರೆಡ್‌ನ ಸ್ವಂತ ಮಾಹಿತಿ ಇರುತ್ತದೆ, ಅದು ಅಳಿಸಿಹೋಗಿ ಪೆಟ್ಟು ಬೇರೆಲ್ಲೋ ಕಾಣಿಸುತ್ತಿತ್ತು. ಸ್ಟ್ಯಾಕ್‌ನ ಅಂಚಿಗೆ, ದಾಟಿದ ತಕ್ಷಣ ಹಿಡಿಯುವ ಕಾವಲು ಪುಟ ಇಡುವ ವ್ಯವಸ್ಥೆ 64 ಬಿಟ್ ಎಕ್ಸ್86ಗೆ 2016ರಲ್ಲೇ ಬಂತು, 32 ಬಿಟ್ ಆರ್ಮ್‌ಗೆ 2022ರಲ್ಲಿ. ನನ್ನ ಕರ್ನಲ್ ಅದಕ್ಕಿಂತ ಹಳೆಯದು.

ಮೊದಲು ಅರೇಯನ್ನು ಕೆಮ್ಯಾಲಕ್‌ಗೆ (ಸ್ಟ್ಯಾಕ್ ಬಿಟ್ಟು ಬೇರೆ ಕಡೆ ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಬದಲಿಸಿದೆ. ಎರರ್ ಬಂದಾಗ ಹೊರಬೀಳುವ ಮೂರು ದಾರಿಯಲ್ಲೂ ಫ್ರೀ ಮಾಡಬೇಕಾಯಿತು, ಹಿಡಿಸಲಿಲ್ಲ. ಕೊನೆಗೆ ಆ ಜಾಗವನ್ನು ಪ್ರೋಬ್ ಹೊತ್ತಿಗೆ, ಅಂದರೆ ಡ್ರೈವರ್ ಡಿವೈಸನ್ನು ಸಿದ್ಧಪಡಿಸುವಾಗ, ಒಂದೇ ಸಲ ತೆಗೆದುಕೊಂಡು ಡಿವೈಸ್‌ನ ಮಾಹಿತಿ ಇಡುವ ಸ್ಟ್ರಕ್ಟ್‌ಗೆ ಸೇರಿಸಿ, ಒಂದು ಹೊತ್ತಿಗೆ ಒಬ್ಬರೇ ಬಳಸುವಂತೆ ಮ್ಯೂಟೆಕ್ಸ್ (ಬೀಗ) ಹಾಕಿದೆ.

ಇನ್ನೂ ಫ್ರೇಮ್ 700 ಬೈಟ್ ಇತ್ತು. ವಾರ್ನಿಂಗ್ ಇಲ್ಲ, ಆದರೂ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ನೋಡಿದರೆ ಒಂದು ಪುಟ್ಟ ಫಂಕ್ಷನ್‌ನ 600 ಬೈಟ್ ಸ್ಟ್ರಕ್ಟ್. ಕಂಪೈಲರ್ ಆ ಫಂಕ್ಷನ್ನನ್ನು ಇನ್‌ಲೈನ್ ಮಾಡಿ ನನ್ನದರೊಳಗೆ ಸೇರಿಸಿಬಿಟ್ಟಿತ್ತು. ಅದರ ಕೆಲಸ ಮುಗಿದ ಮೇಲೂ, ನಾನು ಆಳಕ್ಕೆ ಇಳಿಯುವಾಗಲೂ ಆ 600 ಬೈಟ್ ಜೊತೆಗೇ ಬರುತ್ತಿತ್ತು! 'ನೋಇನ್‌ಲೈನ್ ಫಾರ್ ಸ್ಟ್ಯಾಕ್' ಎಂಬ ಗುರುತು ಕರ್ನಲ್‌ನಲ್ಲಿ ಇರುವುದು ಇದಕ್ಕಾಗಿಯೇ. ಒಂದೇ ಪದ ಸೇರಿಸಿದೆ, ಫ್ರೇಮ್ 96ಕ್ಕೆ ಇಳಿಯಿತು.

ಸ್ಟ್ಯಾಕ್ ಬಳಕೆ ಅಳೆಯುವ ಡೀಬಗ್ ಆಯ್ಕೆ ಆನ್ ಮಾಡಿ ಬೋರ್ಡ್ ಓಡಿಸಿದ್ದೇನೆ. ಈಗ ರಾತ್ರಿ ಹತ್ತೂವರೆ. ಇಲ್ಲಿಯವರೆಗೆ ಅತಿ ಆಳಕ್ಕೆ ಹೋದಾಗಲೂ 4,216 ಬೈಟ್ ಉಳಿದಿದೆ.