ಸಂಪಾಜೆಯಿಂದ ತಲಕಾವೇರಿಗೆ, ಕಡಲ ಗಾಳಿಯ ಜಾಡಿನಲ್ಲಿ

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಸಂಪಾಜೆ ಗೇಟು ದಾಟಿ ಕೊಯನಾಡು, ಜೋಡುಪಾಲ ಎಂದು ಘಾಟಿ ಏರುತ್ತ ಹೋದಂತೆ ಯಾವುದೋ ಒಂದು ತಿರುವಿನಲ್ಲಿ ಕಾರಿನ ಮುಂಗಾಜು ಮಸುಕಾಗುತ್ತದೆ. ನಾವು ಮಂಜು ಎನ್ನುವ ಅದು ಕಡಲ ಮೇಲಿಂದ ಬಂದ ಮೋಡ. ಗಾಡಿ ಆಗಷ್ಟೇ ಅದರ ತಳ ಮುಟ್ಟಿದೆ. ಲೆಕ್ಕ ಸುಲಭ: ಕರಾವಳಿಯ ಉಷ್ಣತೆಯಿಂದ ಇಬ್ಬನಿ ಬಿಂದುವನ್ನು (ಗಾಳಿ ತಣಿದಾಗ ಅದರ ತೇವ ಹನಿಗಟ್ಟತೊಡಗುವ ಉಷ್ಣತೆ) ಕಳೆದು, ಉಳಿದದ್ದನ್ನು 125ರಿಂದ ಗುಣಿಸಿದರೆ ಮೋಡದ ತಳ ಸುಮಾರು ಎಷ್ಟು ಮೀಟರ್ ಮೇಲಿದೆ ಎಂಬುದು ಸಿಗುತ್ತದೆ. ಜುಲೈಯ ಒಂದು ದಿನ ಮಂಗಳೂರಿನಲ್ಲಿ 27 ಡಿಗ್ರಿ, ಇಬ್ಬನಿ ಬಿಂದು 24 ಇದ್ದರೆ ತಳ 375 ಮೀಟರ್. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಮುಂಗಾರು ಬಲವಾಗಿದ್ದಾಗ ಊರಿಗೆ ಊರೇ ಮೋಡದ ಹೊಟ್ಟೆಯೊಳಗೆ ಇರುವುದು ಇದೇ ಕಾರಣಕ್ಕೆ.

ಹಾಗಾಗಿ ಮಳೆಗಾಲದಲ್ಲಿ ತಲಕಾವೇರಿಗೆ ಹೊರಟವರು ಮಡಿಕೇರಿಯ ಮುನ್ಸೂಚನೆಗಿಂತ ಮೊದಲು ಅರಬ್ಬಿ ಸಮುದ್ರದ್ದನ್ನು ನೋಡಬೇಕು. ಹಿಂದಿನ ಸಂಜೆ ಮಡಿಕೇರಿಯಲ್ಲಿ ತಂಗಿದಾಗ ಅದಕ್ಕೆ ಅರ್ಧ ಗಂಟೆ ಸಾಕು. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ಕರ್ನಾಟಕ, ಕೇರಳ, ಲಕ್ಷದ್ವೀಪದ ಸಾಲುಗಳನ್ನು ಓದಿ. ಗಂಟೆಗೆ 45-55 ಕಿ.ಮೀ., ಆಗಾಗ 65 ಎಂದಿದ್ದರೆ ಕಡಲು ಎದ್ದಿದೆ ಎಂದೇ ಅರ್ಥ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳಿಗೆ ರಜೆ ಇದ್ದರೂ ಈ ಎಚ್ಚರಿಕೆ ನಿಲ್ಲುವುದಿಲ್ಲ, ನಾಡದೋಣಿಗಳಿಗೆ ಅದು ಬೇಕೇ ಬೇಕು. ಆಮೇಲೆ ಫೋನಿನ ಗಾಳಿ ನಕ್ಷೆಯಲ್ಲಿ 850 ಹೆಕ್ಟೊಪಾಸ್ಕಲ್ (ವಾಯುಭಾರದ ಅಳತೆ) ಮಟ್ಟ ಆರಿಸಿಕೊಳ್ಳಿ. ಇದು ಸರಿಸುಮಾರು 1,500 ಮೀಟರ್ ಎತ್ತರದ ಗಾಳಿ. ಸೊಮಾಲಿಯಾ ಕಡೆಯಿಂದ ಅರಬ್ಬಿ ಸಮುದ್ರ ಹಾದು ಬರುವ ಮುಂಗಾರಿನ ವೇಗದ ಹರಿವು ಇರುವುದು ಈ ಮಟ್ಟದ ಆಸುಪಾಸಿನಲ್ಲೇ. ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ನಕ್ಷೆಯಲ್ಲಿ ಕಂಡ ಗಾಳಿ ಹೆಚ್ಚುಕಡಿಮೆ ಹಾಗೆಯೇ ಪಕ್ಕದ ಬ್ರಹ್ಮಗಿರಿ ಬೆಟ್ಟದ ಮೆಟ್ಟಿಲ ಮೇಲೆ ಎದೆಗೆ ಬಡಿಯುತ್ತದೆ. ಗಾಳಿ ನೇರ ಪಡುವಣದಿಂದ 25 ನಾಟ್, ಅಂದರೆ ಗಂಟೆಗೆ 46 ಕಿ.ಮೀ. ಮೀರಿದ್ದರೆ ಮೇಲೆ ಹೋಗುವ ಯೋಚನೆ ಬಿಡುವುದೇ ಒಳ್ಳೆಯದು.

ಇನ್ನೊಂದನ್ನು ಹೆಚ್ಚಿನವರು ಮರೆಯುತ್ತಾರೆ: ಬಂಗಾಳ ಕೊಲ್ಲಿ. ಒಡಿಶಾ ಕರಾವಳಿಯಲ್ಲಿ ವಾಯುಭಾರ ಕುಸಿದರೆ ಅದು ಪಡುಗಾಳಿಯನ್ನು ತನ್ನತ್ತ ಸೆಳೆಯುತ್ತದೆ. ಆ ಗಾಳಿಗೆ ಅಡ್ಡ ನಿಂತಿರುವುದು ಪಶ್ಚಿಮ ಘಟ್ಟ. ಜತೆಗೆ ಗುಜರಾತಿನಿಂದ ಕೇರಳದವರೆಗೆ ತೀರದಾಚೆ ಕಡಿಮೆ ಒತ್ತಡದ ಪಟ್ಟಿಯೊಂದು ಎರಡು ಮೂರು ದಿನ ನಿಂತರೆ ಮಳೆ ಬಿಡುವು ಕೊಡುವುದಿಲ್ಲ. 2018ರ ಆಗಸ್ಟ್ ನಡುವಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟಗಳು ಜರಿದಾಗಲೂ ಒಡಿಶಾ ತೀರದಲ್ಲಿ ವಾಯುಭಾರ ಕುಸಿತವಿತ್ತು. ಅದೇ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದು ಉತ್ತರಕ್ಕೆ ಹೋದರೆ ಕಥೆ ಬೇರೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಗುಜರಾತಿನತ್ತ ಸಾಗುವಾಗ ತೇವವನ್ನೂ ತನ್ನೊಡನೆ ಒಯ್ದಿತು. ಕೇರಳಕ್ಕೆ ಮುಂಗಾರು ತಲುಪಿದ್ದೇ ಜೂನ್ 8ಕ್ಕೆ, ಆ ತಿಂಗಳು ನಮ್ಮ ರಾಜ್ಯದಲ್ಲಿ ಮಳೆ ಬಹಳ ಕಡಿಮೆಯಾಯಿತು.

ಬೆಳಿಗ್ಗೆ ಬೆಟ್ಟಗೇರಿ, ಚೇರಂಬಾಣೆ ಮಾರ್ಗವಾಗಿ ಭಾಗಮಂಡಲದ ದಾರಿ. ಕಾಫಿ ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕ ಕಾಣುತ್ತದೆ: ಮೇಲೊಂದು ಆಲಿಕೆ, ಒಳಗೊಂದು ಡಬ್ಬಿ, ಪಕ್ಕದಲ್ಲಿ ಗೆರೆ ಹಾಕಿದ ಅಳತೆಯ ಗಾಜು. ಕೊಡಗಿನ ಬೆಳೆಗಾರರ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಇಲಾಖೆಯದ್ದು ಮಿಲಿಮೀಟರ್. ಎರಡನ್ನೂ ಹೊಂದಿಸಿಕೊಂಡರೆ ತುಂಬಾ ಅನುಕೂಲ. ಇಲಾಖೆ ‘ಭಾರೀ ಮಳೆ’ ಎನ್ನುವ 64.5 ಮಿ.ಮೀ. ಎಂದರೆ 2 ಇಂಚು 54 ಸೆಂಟು. ‘ಅತಿ ಭಾರೀ’ ಶುರುವಾಗುವುದು 115.6ಕ್ಕೆ, ಅದು 4 ಇಂಚು 55 ಸೆಂಟು. 8 ಇಂಚು 5 ಸೆಂಟು ಮುಟ್ಟಿದರೆ 204.4 ದಾಟಿತು, ಅದು ಕೊನೆಯ ದರ್ಜೆ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ; ಇಂದಿನ ಅಂಕಿಯಲ್ಲಿರುವುದು ನಿನ್ನೆ 8.30ರಿಂದ ಸುರಿದ ಮಳೆ. ಏಳು ಗಂಟೆಗೇ ಅಳೆಯುವ ತೋಟದ ಲೆಕ್ಕ ಅದಕ್ಕೆ ತಾಳೆಯಾಗದಿದ್ದರೆ ಯಾರದ್ದೂ ತಪ್ಪಲ್ಲ. ತಪ್ಪಾಗುವುದು ಬೇರೆ ಕಡೆ. ಸಿಲ್ವರ್ ಓಕ್ ಮರದಡಿ ಮಾಪಕ ಇಟ್ಟರೆ ಎಲೆ ಬಿದ್ದು ಆಲಿಕೆ ಕಟ್ಟುತ್ತದೆ. ತೀರಾ ಬಯಲಿನ ದಿಣ್ಣೆಯಲ್ಲಿಟ್ಟರೆ ಗಾಳಿ ಹನಿಯನ್ನು ಬಾಯಿಯ ಮೇಲಿಂದಲೇ ಹಾರಿಸಿ, ಸುರಿದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಬಿಡಬೇಕು.

ಭಾಗಮಂಡಲದಲ್ಲಿ ಮೊದಲು ಸಂಗಮದ ನೀರು ನೋಡಿ. ಕಾವೇರಿ, ಕನ್ನಿಕೆ ಕೆಂಪಗೆ ತುಂಬಿ ಮೆಟ್ಟಿಲು ಮುಳುಗಿಸಿದ್ದರೆ ಮೇಲಿನ ಬೆಟ್ಟ ನೀರು ಕುಡಿದು ಸಾಕಾಗಿದೆ. ಅಲ್ಲಿಂದ ತಲಕಾವೇರಿ 8 ಕಿ.ಮೀ., ಒಂದು ಬದಿಗೆ ಬರೆ (ಕಡಿದಾದ ಮಣ್ಣಿನ ಗೋಡೆ), ಇನ್ನೊಂದು ಬದಿಗೆ ಕಣಿವೆ. 2020ರ ಆಗಸ್ಟ್‌ನಲ್ಲಿ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಕೊಚ್ಚಿಕೊಂಡು ಹೋದದ್ದು ಇಲ್ಲೇ. ಬರೆಯಿಂದ ಇಳಿಯುವ ತಿಳಿ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಮರ ಓರೆಯಾದಂತೆ ಕಂಡರೆ, ಅಲ್ಲಿಂದಲೇ ಹಿಂದಿರುಗಿ.

ಗಾಳಿ ಸಾಧಾರಣವಾಗಿದ್ದ ದಿನ ಬ್ರಹ್ಮಗಿರಿಯ ಮೆಟ್ಟಿಲು ಹತ್ತಬಹುದು. ಮಳೆ ಇಲ್ಲಿ ಮೇಲಿಂದ ಬೀಳುವುದಿಲ್ಲ, ಅಡ್ಡಕ್ಕೆ ಬರುತ್ತದೆ. ಕೊಡೆ ಬಿಚ್ಚಿದ ಕ್ಷಣವೇ ತಿರುಚಿಕೊಳ್ಳುತ್ತದೆ, ರೈನ್‌ಕೋಟೇ ಗತಿ. ಬೇಕಲದ ತೀರ ಇಲ್ಲಿಗೆ ನೇರ ಗೆರೆಯಲ್ಲಿ ಸುಮಾರು 50 ಕಿ.ಮೀ.; ಜೋರು ಪಡುಗಾಳಿಗೆ ಒಂದು ತಾಸಿನ ದಾರಿ. ಆದ್ದರಿಂದ ಉಪಗ್ರಹ ಚಿತ್ರದಲ್ಲಿ ಕಾಸರಗೋಡಿನಾಚೆ ಬಿಳಿ ಮೋಡದ ಗುಂಪು ಕಂಡರೆ ಕೈಯಲ್ಲಿ ಒಂದೆರಡು ಗಂಟೆ ಇದೆ ಎಂದಿಟ್ಟುಕೊಳ್ಳಿ. ಆದರೆ ಕಡಲ ಮೇಲೆ ಮೋಡವೇ ಕಾಣದಿದ್ದರೂ ನಂಬಿ ಕೂರಬೇಡಿ. ತೇವದ ಗಾಳಿ ಗೋಡೆಯಂಥ ಬೆಟ್ಟ ಏರುವಾಗಲೇ ತಣಿದು ಹೊಸ ಮೋಡ ಹುಟ್ಟುತ್ತದೆ. ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳು ಎಡವುವುದೂ ಇಲ್ಲೇ. ನೆಲವನ್ನು ಸುಮಾರು 12 ಕಿ.ಮೀ. ಚೌಕಗಳಾಗಿ ಹಂಚಿ ಲೆಕ್ಕ ಹಾಕುವ ಮಾದರಿಯಲ್ಲಿ ಈ ಕಡಿದಾದ ಏಣು (ಬೆಟ್ಟಸಾಲಿನ ನೆತ್ತಿ) ಸಪಾಟಾಗಿಬಿಡುತ್ತದೆ, ಮಳೆಯೂ ಕಡಿಮೆ ಕಾಣುತ್ತದೆ.

ಹಿಂದಿರುಗುವಾಗ ಮಡಿಕೇರಿ ದಾಟಿ ಪೂರ್ವಕ್ಕೆ ಇಳಿಯಿರಿ. ಸುಂಟಿಕೊಪ್ಪದ ಹೊತ್ತಿಗೆ ವೈಪರ್ ನಿಧಾನವಾಗುತ್ತದೆ, ಕುಶಾಲನಗರದಲ್ಲಿ ಎಷ್ಟೋ ದಿನ ರಸ್ತೆ ಒಣಗಿಯೇ ಇರುತ್ತದೆ. ಅದೇ ಗಾಳಿ, ನೀರನ್ನೆಲ್ಲ ಏಣಿನಾಚೆ ಇಳಿಸಿ ಬಂದಿದೆ. ಜಿಲ್ಲೆಗೆ ಕೊಡುವ ರೆಡ್ ಅಲರ್ಟ್ ಮಾತ್ರ ಎರಡೂ ಕಡೆಗೆ ಒಂದೇ. ಕುಶಾಲನಗರದ ಬಿಸಿಲು ನೋಡಿ ‘ಅಲರ್ಟ್ ಸುಳ್ಳು’ ಎಂದುಕೊಂಡು ಭಾಗಮಂಡಲಕ್ಕೆ ಹೊರಡುವವರನ್ನು ದಯವಿಟ್ಟು ತಡೆಯಿರಿ.