ಆಶ್ಲೇಷ ಮಳೆಯಲ್ಲಿ ಹೂವಿಗೆ ಕಟ್ಟಿದ ದಾರ

ನಮ್ಮ ಹಿತ್ತಿಲಿನ ಚೀನಿಕಾಯಿ, ಅಂದರೆ ಸಿಹಿಗುಂಬಳ, ಅತ್ತೆಯ ತವರಿನಿಂದ ಬಂದದ್ದು. ಚಪ್ಪಟೆ ಕಾಯಿ, ಮೈಮೇಲೆ ಆಳವಾದ ಗೀರುಗಳು. ಬಲಿತಾಗ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಮೇಲೆ ತೆಳುವಾಗಿ ಬಿಳಿ ಪುಡಿ ಕೂರುತ್ತದೆ. ಒಳಗೆ ಕಡು ಕೇಸರಿ, ನೀರು ಕಡಿಮೆ. ತುರಿದರೆ ತುರಿ ಬಿಡಿಬಿಡಿಯಾಗಿ ಬೀಳುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಗದ್ದೆಯಲ್ಲಿ ಭೂಮಿತಾಯಿಗೆ ಬಯಕೆ ಊಟ ಇಡುವ ಭೂಮಿ ಹುಣ್ಣಿಮೆಗೆ ಚೀನಿಕಾಯಿ ಕಡುಬು ಮಾಡುವವರಿಗೆ ಇದರ ಬೆಲೆ ಗೊತ್ತು. ನೀರು ಕಾಯಿಯಾದರೆ ಅಕ್ಕಿ ತರಿ ಜಾಸ್ತಿ ಹಾಕಬೇಕು. ಆಗ ಅದು ಚೀನಿಕಾಯಿ ಕಡುಬು ಆಗುವುದಿಲ್ಲ, ಬಣ್ಣ ಹಾಕಿದ ಅಕ್ಕಿ ಕಡುಬು ಆಗುತ್ತದೆ.

ಈ ಬಳ್ಳಿಯ ಮೂಲ ಅಮೆರಿಕ ಖಂಡ. ಅಲ್ಲಿಂದ ಕಡಲು ದಾಟಿ ಈ ಕಡೆ ಬಂದದ್ದೇ 1492ರ ನಂತರ. ಹಾಗೆ ಬಂದದ್ದು ನಮ್ಮ ಭೂಮಿತಾಯಿಯ ಬಯಕೆ ಊಟದ ಬುಟ್ಟಿಯೊಳಗೇ ಸೇರಿಬಿಟ್ಟಿದೆ. ಹೀಗೆ ಬೀಜ ಊರೂರು ಸುತ್ತಿ ಮನೆಯದ್ದಾಗುವುದು ನನಗೆ ತುಂಬ ಇಷ್ಟದ ಸಂಗತಿ.

ಈ ಸಲ ರೋಹಿಣಿ ಮಳೆಗೆ ಬೀಜ ಹಾಕಿದೆವು. ಸುಡುಮಣ್ಣು, ಹಳೇ ಗೊಬ್ಬರ, ಒಂದು ಬುಟ್ಟಿ ದರಕು (ಒಣಗಿದ ಎಲೆ) ಹಾಕಿದ ಪಾತಿ. ಎರಡೆಲೆ ಬಿಡುವ ಹೊತ್ತಿಗೆ ಕೆಂಪು ದುಂಬಿ ಬಂದೇ ಬರುತ್ತದೆ. ಬೆಳಿಗ್ಗೆ ಎಲೆ ಒದ್ದೆಯಿರುವಾಗ ಒಲೆ ಬೂದಿ ಉದುರಿಸಿದರೆ ಸಾಕು. ಬಳ್ಳಿ ಬೇಲಿ ಹತ್ತಿದ ಮೇಲೆ ಕುಡಿ ಚಿವುಟಿ ಪಲ್ಯ, ತಂಬುಳಿ ಎರಡೂ ಆಯಿತು. ಕುಡಿ ಚಿವುಟಿದಷ್ಟೂ ಪಕ್ಕದಲ್ಲಿ ಕವಲೊಡೆಯುತ್ತದೆ.

ಹೂ ಬಿಡುವ ಹೊತ್ತಿಗೆ ಬೇಲಿಯಾಚೆ ನೋಡಿದರೆ ಅಲ್ಲೂ ಒಂದು ಚೀನಿ ಬಳ್ಳಿ. ಪಕ್ಕದ ಮನೆಯವರು ಅರ್ಕಾ ಚಂದನ್ ಹಾಕಿದ್ದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು. ಎರಡು ಮೂರು ಕಿಲೋ ತೂಗುವ ಕಾಯಿ, ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಹೈಬ್ರಿಡ್ ಅಲ್ಲ, ಬೀಜವನ್ನೂ ಇಟ್ಟುಕೊಳ್ಳಬಹುದು. ಅದರ ಮೇಲೆ ನನಗೇನೂ ತಕರಾರಿಲ್ಲ. ಆದರೆ ಅದೂ ಚೀನಿಕಾಯಿ, ಇದೂ ಚೀನಿಕಾಯಿ. ಬೂದುಗುಂಬಳವಾಗಿದ್ದರೆ ಯೋಚನೆ ಇರಲಿಲ್ಲ, ಅದರ ಜಾತಿಯೇ ಬೇರೆ, ಇದರ ಜೊತೆ ಬೆರೆಯುವುದಿಲ್ಲ. ಎರಡು ಚೀನಿ ತಳಿ ಅಕ್ಕಪಕ್ಕ ಇದ್ದರೆ ಜೇನು ಅಲ್ಲಿಯ ಪರಾಗ ಇಲ್ಲಿಗೆ ತಂದೇ ತರುತ್ತದೆ.

ಹಾಗೆ ಬೆರೆತರೆ ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ತಿರುಳು, ಸಿಪ್ಪೆ, ರುಚಿ ಎಲ್ಲ ತಾಯಿ ಬಳ್ಳಿಯದ್ದೇ. ಬೆರಕೆ ಆಗುವುದು ಬೀಜದೊಳಗೆ. ಮುಂದಿನ ವರ್ಷ ಆ ಬೀಜ ಹಾಕಿ, ಕಾಯಿ ಬಿಟ್ಟು, ಕೊಯ್ದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಹಳೇ ಬೀಜ ಮುಗಿದಿದ್ದರೆ ತಳಿ ಹೋದಂತೆಯೇ ಸರಿ. ಎಷ್ಟೋ ಮನೆಗಳಲ್ಲಿ ‘ಮೊದಲಿನ ರುಚಿ ಈಗಿಲ್ಲ’ ಅನ್ನುವುದು ಕೇಳುತ್ತೇವೆ, ಅಲ್ವಾ? ಮಣ್ಣು ಕೆಟ್ಟಿತು, ಕಾಲ ಕೆಟ್ಟಿತು ಅನ್ನುತ್ತಾರೆ. ಚೀನಿಕಾಯಿಯ ಮಟ್ಟಿಗೆ ಬಹಳ ಸಲ ಕಾರಣ ಇಷ್ಟೇ: ಹೂವನ್ನು ಯಾರೂ ಕಾಯಲಿಲ್ಲ.

ಅತ್ತೆ ಹೇಳಿದ್ದೂ ಅದೇ. “ಹೂ ಕಟ್ಟುವ. ಮಳೆ ಹೊಳವಾದ ದಿನ ನೋಡಿ ಕಟ್ಟುವ.”

ಹೊಳವು, ಅಂದರೆ ಮಳೆಯ ನಡುವಿನ ಬಿಡುವು, ಆಶ್ಲೇಷ ಮಳೆಯಲ್ಲಿ ಎಲ್ಲಿ ಬರಬೇಕು? ಹೂವಿನ ಬಟ್ಟಲು ತುಂಬ ನೀರು, ಪರಾಗ ತೊಳೆದು ಹೋಗಿರುತ್ತದೆ. ಜೇನೂ ಹೊರಗೆ ಬರುವುದಿಲ್ಲ. ಹೆಣ್ಣು ಹೂವಿನ ಬುಡದ ಪುಟ್ಟ ಕಾಯಿಗಳು ಹಳದಿಯಾಗಿ ಉದುರುತ್ತಲೇ ಇದ್ದವು. ಕೊನೆಗೆ ಒಂದು ಸಂಜೆ ಮಳೆ ಸ್ವಲ್ಪ ಸೋತಿತು. ಅತ್ತೆ ಕೊಡೆ ಹಿಡಿದು ಮುಂದೆ, ನಾನು ದಾರದ ಉಂಡೆ ಹಿಡಿದು ಹಿಂದೆ.

ಮರುದಿನ ಅರಳುವ ಮೊಗ್ಗು ಹಿಂದಿನ ಸಂಜೆಯೇ ಗೊತ್ತಾಗುತ್ತದೆ. ತುದಿ ಹಸಿರು ಬಿಟ್ಟು ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ, ಆದರೆ ಬಾಯಿ ಬಿಟ್ಟಿರುವುದಿಲ್ಲ. ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು. ಹೆಣ್ಣು ಹೂ ಬಳ್ಳಿಗೆ ಅಂಟಿದ ಹಾಗೆ ಕುಳ್ಳಗಿರುತ್ತದೆ, ಕೆಳಗೊಂದು ಗುಂಡು ಪುಟಾಣಿ ಕಾಯಿ. ಜೇನು ನುಗ್ಗದ ಹಾಗೆ ಆ ಮೊಗ್ಗುಗಳ ಬಾಯಿಗೆ ಹತ್ತಿ ದಾರ ಸುತ್ತಿ ಕಟ್ಟಬೇಕು. ಬಿಗಿಯಾದರೆ ಎಸಳು ಹರಿಯುತ್ತದೆ, ಸಡಿಲವಾದರೆ ಬೆಳಗ್ಗೆ ಅರಳಿಬಿಡುತ್ತದೆ. ಅತ್ತೆಯ ಬೆರಳಿಗೆ ಆ ಹದ ಗೊತ್ತಿದೆ. ನಮ್ಮಲ್ಲಿ ಕೆಲವು ಬಳ್ಳಿ ಇದ್ದುದರಿಂದ ಒಂದರ ಗಂಡು, ಇನ್ನೊಂದರ ಹೆಣ್ಣು ಎಂದು ಆರಿಸಿಕೊಂಡೆವು. ಒಂದೇ ಬಳ್ಳಿಯದ್ದನ್ನೇ ವರ್ಷ ವರ್ಷ ಸೇರಿಸಿದರೆ ತಳಿ ಸೊರಗುತ್ತದೆ ಎನ್ನುವುದು ಅವರ ಲೆಕ್ಕ, ಸರಿಯಾದ ಲೆಕ್ಕವೇ.

ಬೆಳಗಿನ ಜಾವ ಮತ್ತೆ ಹನಿ ಶುರುವಾಗಿತ್ತು. ಚೀನಿ ಹೂ ಅರಳುವುದು ಬೆಳಕು ಹರಿಯುವಾಗ. ಒಂಬತ್ತು ಹತ್ತು ಗಂಟೆಗೆ ಮುದುಡಿ ಮುಗಿಯಿತು. ಮತ್ತೆ ಆ ಹೂ ಅರಳುವುದಿಲ್ಲ. ಹಾಗಾಗಿ ಮಳೆ ನಿಲ್ಲಲಿ ಅಂತ ಕಾಯುವ ಹಾಗಿಲ್ಲ. ಹೆಣ್ಣು ಹೂವಿನ ಮೇಲೆ ಅತ್ತೆ ಕೊಡೆ ಬಾಗಿಸಿದರು. ನಾನು ಕಟ್ಟಿದ್ದ ಗಂಡು ಹೂ ಕಿತ್ತು, ದಾರ ಬಿಚ್ಚಿ, ಎಸಳು ಹರಿದು ತೆಗೆದೆ. ನಡುವಿನ ಕಡ್ಡಿಯ ತುಂಬ ಒಣಗಿದ, ಬೆರಳಿಗೆ ಅಂಟುವ ಹಳದಿ ಪುಡಿ. ಹೊರಗಡೆ ಎಲ್ಲ ಒದ್ದೆಯಾಗಿದ್ದರೂ ದಾರ ಕಟ್ಟಿದ ಹೂವಿನೊಳಗೆ ಒಂದು ಹನಿ ನೀರು ಇಳಿದಿರಲಿಲ್ಲ. ತಳಿ ಕಾಯಲು ಕಟ್ಟಿದ ದಾರ ಮಳೆಯಿಂದಲೂ ಕಾದಿತ್ತು. ಅದನ್ನು ನೋಡಿ ನಾನು ಜೋರಾಗಿ ಕೂಗಿಯೇ ಬಿಟ್ಟೆ.

ಹೆಣ್ಣು ಹೂವಿನ ದಾರ ಬಿಚ್ಚಿ, ಒಳಗಿನ ಮೂರು ಭಾಗದ ದಪ್ಪ ಮುಡಿಗೆ ಆ ಪುಡಿಯನ್ನು ಎಲ್ಲ ಕಡೆ ಮುಟ್ಟುವಂತೆ ಸವರಿದೆ. ಒಂದು ಕಡೆ ಮಾತ್ರ ತಾಗಿದರೆ ಕಾಯಿ ಸೊಟ್ಟ ಬೆಳೆಯುತ್ತದೆ. ಇನ್ನೊಂದು ಗಂಡು ಹೂವಿನಿಂದಲೂ ಸವರಿ, ಮತ್ತೆ ಎಸಳು ಮುಚ್ಚಿ ಕಟ್ಟಿದೆವು. ಗುರುತಿಗೆ ತೊಟ್ಟಿಗೆ ಹಳೇ ಸೀರೆಯ ಕೆಂಪು ಪಟ್ಟಿ, ಸಡಿಲವಾಗಿ. ತೊಟ್ಟು ದಪ್ಪವಾಗುತ್ತದಲ್ಲ, ಅದಕ್ಕೆ.

ಉಳಿದ ಗಂಡು ಹೂಗಳು ಅವತ್ತು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿಯಾದವು. ಒಳಗಿನ ಕಡ್ಡಿ ತೆಗೆದು ಕರಿಯಬೇಕು, ಇಲ್ಲದಿದ್ದರೆ ಸ್ವಲ್ಪ ಕಹಿ.

ಕಟ್ಟಿದ ಹೂಗಳಲ್ಲಿ ಕೆಲವು ಉದುರಿದವು. ನಿಂತ ಕಾಯಿಗಳು ದಿನದಿನಕ್ಕೂ ಊದತೊಡಗಿದವು. ಆಮೇಲೆ ಕಾಯಿ ನೊಣದ ಕಾಟ. ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಕಾಗದ ಸುತ್ತಿದರೆ ಮಳೆಗೆ ನಿಲ್ಲುವುದಿಲ್ಲ, ಹಾಗಾಗಿ ಹಳೇ ಪಂಚೆಯ ಚೀಲ ಹೊಲಿದು ತೊಡಿಸಿದೆವು. ನೆಲಕ್ಕೆ ತಾಗಿದ ಕಾಯಿಯ ಅಡಿಗೆ ಅಡಿಕೆ ಹಾಳೆ. ತೊಟ್ಟು ಒಣಗಿ ಗಟ್ಟಿಯಾಗಿ, ಸಿಪ್ಪೆಗೆ ಉಗುರು ಇಳಿಯದಿದ್ದಾಗ ತೊಟ್ಟು ಸಮೇತ ಕೊಯ್ದೆವು. ತೊಟ್ಟು ಮುರಿದ ಕಾಯಿ ಅಟ್ಟದಲ್ಲಿ ಬಾಳುವುದಿಲ್ಲ, ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ.

ಭೂಮಿ ಹುಣ್ಣಿಮೆಯ ಹಿಂದಿನ ದಿನ ಮನೆಗೆ ಬಂದ ನಾದಿನಿ ಅಟ್ಟದಿಂದ ಕೆಂಪು ಪಟ್ಟಿಯ ದೊಡ್ಡ ಕಾಯಿಯನ್ನೇ ಇಳಿಸಲು ಹೊರಟಳು. ಅತ್ತೆ ತಡೆದರು. “ಅದನ್ನ ಮುಟ್ಟಬೇಡ. ಪಟ್ಟಿ ಇಲ್ಲದ್ದು ತಗೋ. ರುಚಿ ಎರಡೂ ಒಂದೇ.” ಬೆರಕೆ ಬೀಜದ ಕಾಯಿಯನ್ನು ನಾವು ತಿನ್ನುವುದು, ಶುದ್ಧ ಬೀಜದ್ದನ್ನು ಉಳಿಸುವುದು. ಕಡುಬಿಗೆ ಯಾವ ಕೊರತೆಯೂ ಆಗಲಿಲ್ಲ. ತುರಿ, ನೆನೆಸಿ ತರಿಯಾಗಿ ಬೀಸಿದ ಅಕ್ಕಿ, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ. ನೀರು ಹಾಕುವ ಹಾಗಿಲ್ಲ, ಬೆಲ್ಲ ಬೆರೆತ ತುರಿ ತಾನೇ ನೀರು ಬಿಡುತ್ತದೆ. ಬಾಳೆಲೆಯಲ್ಲಿ ಮಡಚಿ ರಾತ್ರಿಯೇ ಹಬೆಗೆ ಇಟ್ಟೆವು. ಬೆಳಕು ಹರಿಯುವ ಮೊದಲು ಕಡುಬು, ಅಂಬಲಿ, ಸೊಪ್ಪಿನ ಎಡೆ ಎಲ್ಲ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಹೋಯಿತು. ಬತ್ತ ಹೊಡೆ ತುಂಬಿ ನಿಂತಿತ್ತು.

ಮಧ್ಯಾಹ್ನ ಪಕ್ಕದ ಮನೆಯವರಿಗೂ ಕಡುಬು ಕೊಟ್ಟೆವು. ಅವರು ತಿಂದು ಬೀಜ ಕೇಳಿದರು. ಕಡುಬಿಗೆ ಹೆಚ್ಚಿದ ಕಾಯಿಯ ಬೀಜ ಕೊಡಲಿಲ್ಲ. ಕೊಡಬಹುದಿತ್ತು, ಸುಮ್ನೆ ಕೊಟ್ಟು ಕಳಿಸಿದ್ದರೆ ಅವರಿಗೂ ಖುಷಿಯೇ. ಆದರೆ ಅದು ಏನಾಗಿ ಹುಟ್ಟುತ್ತದೋ ಹೇಳಲಾಗದು ಅಂತ ವಿವರಿಸಿದೆ. ಕೆಂಪು ಪಟ್ಟಿಯದ್ದು ಅಟ್ಟದಲ್ಲಿ ಇನ್ನಷ್ಟು ದಿನ ಕೂತರೆ ಒಳಗೆ ಬೀಜ ಚೆನ್ನಾಗಿ ಬಲಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಡೆದು, ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿ ಅವರಿಗೊಂದು ಪಾಲು ಕೊಡುವುದು ಅಂತ ಮಾತಾಯಿತು. ಮಳೆಗಾಲಕ್ಕೆ ಎರಡೂ ಮನೆಯಲ್ಲಿ ಅತ್ತೆಯ ಚೀನಿಕಾಯಿ. ಅರ್ಕಾ ಚಂದನ್ ಅನ್ನು ಅವರು ಬೇಸಿಗೆಯಲ್ಲಿ, ಬತ್ತ ಕೊಯ್ದ ಗದ್ದೆಯಲ್ಲಿ ಹಾಕುತ್ತಾರೆ. ಹೂ ಬಿಡುವ ಕಾಲವೇ ಬೇರೆಯಾದರೆ ಎರಡೂ ತಳಿ ಉಳಿಯುತ್ತವೆ.